ಪುಷ್ಯ ಮಳೆಯಲ್ಲಿ ಪಿಲಿಕುಳದ ತಾರಾಲಯಕ್ಕೆ

ನನ್ನ ಅಮ್ಮನ ಮಳೆಗಾಲ ಜೂನ್, ಜುಲೈಗಳ ಲೆಕ್ಕದಲ್ಲಿ ನಡೆಯುವುದಿಲ್ಲ. ರೋಹಿಣಿ, ಮೃಗಶಿರ, ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ ಎಂದು ಅವರು ಬೆರಳು ಮಡಚುತ್ತಾ ಹೋಗುತ್ತಾರೆ. ಯಾವ ಮಳೆಗೆ ನೇಜಿ (ಭತ್ತದ ಸಸಿ) ಕೀಳಬೇಕು, ಯಾವ ಮಳೆಗೆ ಗದ್ದೆಯ ಹುಣಿ (ಬದು) ಕಟ್ಟಬೇಕು ಎಂಬುದನ್ನೆಲ್ಲ ಅವರು ಈ ಹೆಸರುಗಳ ಮೂಲಕವೇ ನೆನಪಿಟ್ಟುಕೊಂಡವರು. "ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರ" ಎಂಬ ಮಾತನ್ನು ಪ್ರತಿ ವರ್ಷವೂ ಒಮ್ಮೆಯಾದರೂ ಅವರ ಬಾಯಿಂದ ಕೇಳದೆ ನಮ್ಮ ಮನೆಯಲ್ಲಿ ಮಳೆಗಾಲ ಮುಗಿಯುವುದಿಲ್ಲ. ಈ ವರ್ಷ ಆ ಮಾತು ಬಂದಾಗ ಆರನೇ ತರಗತಿಯ ನನ್ನ ಮಗಳು ತಟ್ಟನೆ, "ಅಜ್ಜೀ, ನೀವು ಆರಿದ್ರೆ ನಕ್ಷತ್ರವನ್ನು ನೋಡಿದ್ದೀರಾ?" ಎಂದು ಕೇಳಿದಳು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಕ್ಷತ್ರ ಪಂಚಾಂಗದಲ್ಲಿ ಉಂಟು ಮಗಾ, ಆಕಾಶದಲ್ಲಿ ಯಾರು ನೋಡಿದ್ದಾರೆ?" ಎಂದರು.

ಎಪ್ಪತ್ತಮೂರು ವರ್ಷಗಳಿಂದ ನಕ್ಷತ್ರಗಳ ಹೆಸರು ಹೇಳುತ್ತಾ ಬದುಕಿದವರು ಅವುಗಳಲ್ಲಿ ಒಂದನ್ನೂ ಗುರುತು ಹಿಡಿದು ನೋಡಿಲ್ಲ ಎಂಬುದು ನನ್ನ ಮನಸ್ಸಿನಲ್ಲಿ ಬಹಳ ದಿನ ಉಳಿಯಿತು. ಇದರಲ್ಲಿ ಅವರ ತಪ್ಪೇನೂ ಇಲ್ಲ. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶವೇ ಕಾಣುವುದಿಲ್ಲ. ಉಳಿದ ತಿಂಗಳುಗಳಲ್ಲಿ ಹಗಲಿಡೀ ಗದ್ದೆಯಲ್ಲಿ ದುಡಿದವರಿಗೆ ರಾತ್ರಿ ಅಂಗಳದಲ್ಲಿ ನಿಂತು ಇದು ಯಾವುದು, ಅದು ಯಾವುದು ಎಂದು ತೋರಿಸಿಕೊಡುವವರು ಇರಲಿಲ್ಲ. ತೋರಿಸಿಕೊಡುವ ಜಾಗವೊಂದು ನಮ್ಮಿಂದ ಎರಡು ಗಂಟೆಯ ದಾರಿಯಲ್ಲೇ ಇರುವಾಗ ನಾನು ಇಷ್ಟು ದಿನ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಲಿಲ್ಲವಲ್ಲ ಎಂಬ ಸಂಕಟದಿಂದಲೇ, ತುಳುವರ ಆಟಿ ತಿಂಗಳ (ಜುಲೈ-ಆಗಸ್ಟ್) ಒಂದು ಭಾನುವಾರ, ಅಮ್ಮ, ಹೆಂಡತಿ ಮತ್ತು ಇಬ್ಬರು ಮಕ್ಕಳೊಂದಿಗೆ ಉಡುಪಿಯಿಂದ ಪಿಲಿಕುಳದ ಸ್ವಾಮಿ ವಿವೇಕಾನಂದ ತಾರಾಲಯಕ್ಕೆ ಹೊರಟೆ.

ಅಮ್ಮ ಬೆಳಗ್ಗೆಯೇ ಪತ್ರೊಡೆ ಬೇಯಿಸಿ ಬಾಳೆ ಎಲೆಯಲ್ಲಿ ಕಟ್ಟಿಕೊಂಡಿದ್ದರು. ದಾರಿಯುದ್ದಕ್ಕೂ ಮಳೆ. ಮೂಲ್ಕಿಯಲ್ಲಿ ಶಾಂಭವಿ, ಪಾವಂಜೆಯಲ್ಲಿ ನಂದಿನಿ, ಕೂಳೂರಿನಲ್ಲಿ ಫಲ್ಗುಣಿ, ಎಲ್ಲವೂ ಕೆಂಪು ನೀರಿನಿಂದ ತುಂಬಿ ಹರಿಯುತ್ತಿದ್ದವು. ನಂತೂರಿನಲ್ಲಿ ಎಡಕ್ಕೆ ತಿರುಗಿ, ಕುಲಶೇಖರ ದಾಟಿ, ಕುಡುಪುವಿನಲ್ಲಿ ಅನಂತಪದ್ಮನಾಭನಿಗೆ ಕೈಮುಗಿದು, ವಾಮಂಜೂರಿಗೆ ಬರುವಷ್ಟರಲ್ಲಿ ಹತ್ತೂವರೆಯಾಗಿತ್ತು. ಅಲ್ಲಿಂದ ಮೂಡುಶೆಡ್ಡೆಯ ಕಡೆಗೆ ಹೋದರೆ ಡಾ. ಶಿವರಾಮ ಕಾರಂತ ಪಿಲಿಕುಳ ನಿಸರ್ಗಧಾಮ. ತುಳುವಿನಲ್ಲಿ ಪಿಲಿ ಎಂದರೆ ಹುಲಿ, ಕುಳ ಎಂದರೆ ಕೊಳ. ಹುಲಿಗಳು ನೀರು ಕುಡಿಯಲು ಬರುತ್ತಿದ್ದ ಕೆರೆ ಎಂದು ಅಮ್ಮನೇ ಮೊಮ್ಮಗನಿಗೆ ವಿವರಿಸಿದರು. ಅವನಿಗೆ ಅಂದಿನಿಂದ ಇಂದಿನವರೆಗೂ ತಾರಾಲಯ ಎಂದರೆ ಹುಲಿಯ ಕೆರೆಯ ಪಕ್ಕದ ಆಕಾಶ.

2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಈ ತಾರಾಲಯವು ದೇಶದ ಮೊದಲ 3ಡಿ ತಾರಾಲಯವೆಂದು ಹೆಸರು ಪಡೆದಿದೆ. ಒಳಗಿನ ಗುಮ್ಮಟದ ವ್ಯಾಸ 18 ಮೀಟರ್. ಗುಮ್ಮಟವನ್ನು 15 ಡಿಗ್ರಿಗಳಷ್ಟು ಓರೆಯಾಗಿಸಿ ಕೂರಿಸಿರುವುದರಿಂದ, ಸಿನಿಮಾ ಮಂದಿರದಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಆಸನಗಳಲ್ಲಿ ಕುಳಿತವರು ಕತ್ತನ್ನು ಪೂರ್ತಿ ಹಿಂದಕ್ಕೆ ಚಾಚಬೇಕಾಗಿಲ್ಲ; ಕತ್ತು ನೋವಿನ ಅಮ್ಮನಿಗೆ ಇದು ದೊಡ್ಡ ಅನುಕೂಲವಾಯಿತು. ಇಲ್ಲಿ ಎರಡು ಬಗೆಯ ಯಂತ್ರಗಳು ಒಟ್ಟಿಗೆ ಕೆಲಸ ಮಾಡುತ್ತವೆ. ಒಂದು, ಸೂಕ್ಷ್ಮ ರಂಧ್ರಗಳ ಮೂಲಕ ಬೆಳಕನ್ನು ಹಾಯಿಸಿ ಗುಮ್ಮಟದ ಮೇಲೆ ನಕ್ಷತ್ರಗಳನ್ನು ಚುಕ್ಕಿ ಚುಕ್ಕಿಯಾಗಿ ಮೂಡಿಸುವ ಯಂತ್ರ. 1923ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಮೊದಲ ಬಾರಿಗೆ ತೋರಿಸಲಾದ ವಿಧಾನದ ಮುಂದುವರಿಕೆ ಅದು. ಇನ್ನೊಂದು, ಗುಮ್ಮಟವನ್ನೆಲ್ಲ ಚಿತ್ರದಿಂದ ತುಂಬುವ ಡಿಜಿಟಲ್ ಪ್ರೊಜೆಕ್ಟರ್‌ಗಳ ವ್ಯವಸ್ಥೆ. ಮೊದಲನೆಯದರಲ್ಲಿ ನಕ್ಷತ್ರ ನಿಜವಾದ ನಕ್ಷತ್ರದಂತೆಯೇ ಚೂಪಾಗಿ ಹೊಳೆಯುತ್ತದೆ. ಎರಡನೆಯದು ನಮ್ಮನ್ನು ಭೂಮಿಯಿಂದ ಎಬ್ಬಿಸಿ ಬೇಕಾದಲ್ಲಿಗೆ ಒಯ್ಯುತ್ತದೆ.

3ಡಿ ಚಿತ್ರಕ್ಕಾಗಿ ಎಲ್ಲರಿಗೂ ಕನ್ನಡಕ ಕೊಟ್ಟರು. ಅದರ ಎರಡು ಗಾಜುಗಳು ಪ್ರೊಜೆಕ್ಟರ್‌ನ ಲಯಕ್ಕೆ ಸರಿಯಾಗಿ, ಕಣ್ಣಿಗೆ ತಿಳಿಯದಷ್ಟು ವೇಗದಲ್ಲಿ, ಒಮ್ಮೆ ಎಡಗಣ್ಣನ್ನೂ ಒಮ್ಮೆ ಬಲಗಣ್ಣನ್ನೂ ಮುಚ್ಚುತ್ತವೆ. ಎರಡು ಕಣ್ಣುಗಳಿಗೂ ಬೇರೆ ಬೇರೆ ಚಿತ್ರ ಕಾಣುವುದರಿಂದ ಮಿದುಳಿಗೆ ಆಳ ಗೋಚರಿಸುತ್ತದೆ. ಶನಿಯ ಉಂಗುರದ ಹಿಮದ ತುಂಡುಗಳು ಮುಖದ ಮುಂದೆ ತೇಲಿ ಬಂದಾಗ ಮಗ ಎರಡೂ ಕೈ ಚಾಚಿ ಹಿಡಿಯಲು ನೋಡಿದ. ಮಕ್ಕಳಿಗೆ ಇದರಲ್ಲಿ ಸಿಕ್ಕ ಸಂತೋಷವನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಅಂದು ನಮ್ಮ ಕುಟುಂಬಕ್ಕೆ ನಿಜವಾಗಿ ಬೇಕಾಗಿದ್ದದ್ದು ಕನ್ನಡಕ ತೆಗೆದಿಟ್ಟ ಮೇಲೆ ಬಂತು.

ದೀಪಗಳೆಲ್ಲ ನಿಧಾನವಾಗಿ ಆರಿ, ಪಶ್ಚಿಮದಲ್ಲಿ ಸಂಜೆಯ ಕೆಂಪು ಕರಗಿ, ಅಂದಿನ ರಾತ್ರಿ ಮೋಡವಿಲ್ಲದಿದ್ದರೆ ಮಂಗಳೂರಿನಲ್ಲಿ ಕಾಣಬೇಕಾದ ಆಕಾಶ ಗುಮ್ಮಟದ ಮೇಲೆ ಮೂಡಿತು. ಸಭಾಂಗಣದಲ್ಲಿ ಒಂದು ಕ್ಷಣ ಯಾರೂ ಮಾತನಾಡಲಿಲ್ಲ. ಹೊರಗೆ ಜಡಿಮಳೆ ಸುರಿಯುತ್ತಿರುವಾಗ, ಆಟಿಯ ನಡುವೆ, ಇಂಥ ತಿಳಿಯಾದ ಆಕಾಶವನ್ನು ನಮ್ಮ ಊರಿನ ಯಾರೂ ಕಂಡಿರಲಾರರು. ವಿವರಣೆ ನೀಡುತ್ತಿದ್ದ ಯುವತಿ ಕನ್ನಡದಲ್ಲಿ, ಅವಸರವಿಲ್ಲದೆ, ಕೆಂಪು ಬೆಳಕಿನ ಬಾಣವನ್ನು ಒಂದೊಂದೇ ನಕ್ಷತ್ರದ ಮೇಲೆ ಇಟ್ಟು ತೋರಿಸಿದರು. ಉತ್ತರದಲ್ಲಿ, ದಿಗಂತಕ್ಕೆ ಬಹಳ ಹತ್ತಿರದಲ್ಲಿ, ಧ್ರುವ ನಕ್ಷತ್ರ. ಅದು ನಡು ಆಕಾಶದಲ್ಲಿ ಎಲ್ಲಕ್ಕಿಂತ ಪ್ರಕಾಶಮಾನವಾಗಿ ಬೆಳಗುತ್ತದೆ ಎಂದೇ ನಾನು ಚಿಕ್ಕಂದಿನಿಂದ ಭಾವಿಸಿದ್ದೆ. ಒಂದು ಊರಿನ ಅಕ್ಷಾಂಶ ಎಷ್ಟೋ, ಧ್ರುವ ದಿಗಂತದಿಂದ ಅಷ್ಟೇ ಡಿಗ್ರಿ ಎತ್ತರದಲ್ಲಿ ಕಾಣುತ್ತದೆ. ಮಂಗಳೂರಿಗೆ ಅದು ಸುಮಾರು 13 ಡಿಗ್ರಿ. ತೋಟದ ತೆಂಗಿನ ಮರಗಳ ಹಿಂದೆ ಅದು ಎಂದೂ ಕಾಣದಿರುವುದಕ್ಕೆ ಕಾರಣ ತಿಳಿಯಿತು. ಅದೇ ಕಾರಣದಿಂದ, ಹಿಮಾಲಯದ ಊರುಗಳಲ್ಲಿ ಕಾಣದ ತ್ರಿಶಂಕು ನಕ್ಷತ್ರಪುಂಜ ನಮಗೆ ಬೇಸಿಗೆಯ ರಾತ್ರಿಗಳಲ್ಲಿ ದಕ್ಷಿಣದ ಅಂಚಿನಲ್ಲಿ ಕಾಣುತ್ತದೆ ಎಂದು ಅವರು ಹೇಳಿದರು.

ಸಪ್ತರ್ಷಿಗಳ ಬಾಲದಲ್ಲಿ ವಸಿಷ್ಠ ಮತ್ತು ಅದಕ್ಕೆ ಒತ್ತಿಕೊಂಡಿರುವ ಅರುಂಧತಿಯನ್ನು ತೋರಿಸಿದಾಗ ನನ್ನ ಹೆಂಡತಿ, ಮದುವೆಯ ದಿನ ಪುರೋಹಿತರು ಹಾಡುಹಗಲಲ್ಲೇ ಚಪ್ಪರದ ಹೊರಗೆ ಕೈ ತೋರಿಸಿದ್ದನ್ನು ನೆನಪಿಸಿದಳು. ಅದೇ ಬಾಲದ ಬಾಗುವಿಕೆಯನ್ನು ಮುಂದುವರಿಸಿದರೆ ಕಿತ್ತಳೆ ಬಣ್ಣದ ಒಂದು ದೊಡ್ಡ ನಕ್ಷತ್ರ ಸಿಗುತ್ತದೆ. "ಇದು ಸ್ವಾತಿ" ಎಂದರು ಆ ಯುವತಿ. ನನ್ನ ತೋಳನ್ನು ಅಮ್ಮ ಗಟ್ಟಿಯಾಗಿ ಹಿಡಿದುಕೊಂಡರು. ಅಮ್ಮನ ಜನ್ಮನಕ್ಷತ್ರ ಸ್ವಾತಿ. ದೇವಸ್ಥಾನದ ಅರ್ಚನೆಯಲ್ಲಿ, ಹೋಮದ ಸಂಕಲ್ಪದಲ್ಲಿ, ಜಾತಕದ ಹಳದಿ ಕಾಗದದಲ್ಲಿ ನೂರಾರು ಬಾರಿ ಹೇಳಿದ, ಕೇಳಿದ ಆ ಹೆಸರು ಈಗ ಅವರ ಕಣ್ಣೆದುರು ಬಣ್ಣವಿರುವ ಒಂದು ವಸ್ತುವಾಗಿ ನಿಂತಿತ್ತು. ಸ್ವಾತಿ ನಮ್ಮಿಂದ ಸುಮಾರು 37 ಜ್ಯೋತಿರ್ವರ್ಷ ದೂರದಲ್ಲಿದೆ. ಇಂದು ಅಲ್ಲಿಂದ ನಮಗೆ ತಲುಪುವ ಬೆಳಕು ಹೊರಟಾಗ ನಾನು ಐದನೇ ತರಗತಿಯಲ್ಲಿದ್ದೆ, ಅಮ್ಮ ಮಳೆಗೆ ಗೊರಬು ಹೊದ್ದು ಮುಂಗಾರಿನ ಏಣೆಲು ಬೆಳೆಯ ಗದ್ದೆಯಲ್ಲಿ ನೇಜಿ ನೆಡುತ್ತಿದ್ದರು.

ಪ್ರಶ್ನೆಗಳಿಗೆ ಅವಕಾಶ ಕೊಟ್ಟಾಗ ಶಾಲಾ ಮಕ್ಕಳು ಕಪ್ಪು ಕುಳಿಯ ಬಗ್ಗೆ ಕೇಳಿದರು. ಅವರ ನಂತರ, ನಾನು ಸ್ವಲ್ಪವೂ ನಿರೀಕ್ಷಿಸದೆ ಇದ್ದಾಗ, ಅಮ್ಮ ಕತ್ತಲಲ್ಲೇ ಎದ್ದು ನಿಂತು, "ಈಗ ಪುಷ್ಯ ಮಳೆ ಅಲ್ವಾ? ಹಾಗಾದರೆ ಪುಷ್ಯ ಎಲ್ಲಿ ಉಂಟು?" ಎಂದು ಕೇಳಿದರು.

ಆ ಯುವತಿಗೆ ಈ ಪ್ರಶ್ನೆ ಬಹಳ ಹಿಡಿಸಿತೆಂದು ಅವರ ಧ್ವನಿಯಲ್ಲೇ ತಿಳಿಯುತ್ತಿತ್ತು. "ತುಂಬ ಒಳ್ಳೆಯದು ಕೇಳಿದಿರಿ ಅಮ್ಮ, ಅದನ್ನು ನೋಡಲು ಹಗಲು ಮಾಡಬೇಕು" ಎಂದು ಅವರು ಆಕಾಶವನ್ನು ಹಿಂದಕ್ಕೆ ತಿರುಗಿಸಿ, ಮಧ್ಯಾಹ್ನದ ಸೂರ್ಯನನ್ನು ನೆತ್ತಿಯ ಬಳಿ ತಂದು ನಿಲ್ಲಿಸಿದರು. ಅನಂತರ ಆಕಾಶದ ನೀಲಿಯನ್ನು ಅಳಿಸಿದರು. ಸೂರ್ಯ ಇದ್ದಲ್ಲೇ ಇದ್ದ, ಅವನ ಸುತ್ತ ಹಗಲಿನ ನಕ್ಷತ್ರಗಳು ಕಾಣಿಸಿಕೊಂಡವು. ಸೂರ್ಯನ ಮಗ್ಗುಲಲ್ಲೇ, ಕರ್ಕಾಟಕ ರಾಶಿಯಲ್ಲಿ, ಮಂಕಾದ ಒಂದು ಚುಕ್ಕಿ ಪುಷ್ಯ. ಮಳೆಗೆ ಹೆಸರು ಕೊಡುವ ನಕ್ಷತ್ರ ಎಂದರೆ ಆ ದಿನಗಳಲ್ಲಿ ಸೂರ್ಯ ಇರುವ ನಕ್ಷತ್ರ. ಸೂರ್ಯನ ವಾರ್ಷಿಕ ಹಾದಿಯನ್ನು 27 ಭಾಗ ಮಾಡಿದರೆ ಒಂದೊಂದು ಭಾಗವನ್ನು ದಾಟಲು ಅವನಿಗೆ ಹದಿಮೂರು, ಹದಿನಾಲ್ಕು ದಿನ ಬೇಕು. ಒಂದು ಮಳೆಯ ಅವಧಿ ಅಷ್ಟೇ. ಹುಟ್ಟಿದ ನಕ್ಷತ್ರ ಹಾಗಲ್ಲ, ಅದು ಹುಟ್ಟಿದ ಹೊತ್ತಿನಲ್ಲಿ ಚಂದ್ರ ಇದ್ದ ನಕ್ಷತ್ರ. ಆದ್ದರಿಂದ ಆರಿದ್ರೆ ಮಳೆಯಲ್ಲಿ ಆರಿದ್ರೆಯನ್ನಾಗಲಿ, ಪುಷ್ಯ ಮಳೆಯಲ್ಲಿ ಪುಷ್ಯವನ್ನಾಗಲಿ, ಮೋಡವೇ ಇಲ್ಲದಿದ್ದರೂ ಯಾರೂ ನೋಡಲಾರರು. ಅದು ಸೂರ್ಯನ ಜೊತೆಗೇ ಹುಟ್ಟಿ ಸೂರ್ಯನ ಜೊತೆಗೇ ಮುಳುಗುತ್ತದೆ.

"ಹಾಗೆ ಹೇಳಿ" ಎಂದು ಅಮ್ಮ ಕುಳಿತುಕೊಂಡರು. ಕಾಣದ ನಕ್ಷತ್ರವನ್ನು ಲೆಕ್ಕದಿಂದಲೇ ಹಿಡಿದು, ಅದರ ಮೇಲೆ ಬೇಸಾಯವನ್ನೇ ನಿಲ್ಲಿಸಿದ ಹಿರಿಯರ ಬಗ್ಗೆ ನನಗೆ ಆ ಕತ್ತಲಲ್ಲಿ ಹುಟ್ಟಿದ ಗೌರವ ಇನ್ನೂ ಇಳಿದಿಲ್ಲ.

ಪ್ರದರ್ಶನ ಮುಗಿದ ಮೇಲೆ ಆ ಯುವತಿ ಹೊರಗಿನ ಮೊಗಸಾಲೆಯಲ್ಲಿ ಅಮ್ಮನನ್ನು ಹುಡುಕಿಕೊಂಡು ಬಂದು ಇನ್ನೊಂದು ವಿಷಯ ತಿಳಿಸಿದರು. ಭೂಮಿಯ ಅಕ್ಷ ತಿರುಗುವ ಬುಗುರಿಯಂತೆ ತೂಗುತ್ತಾ, ಸುಮಾರು 26,000 ವರ್ಷಗಳಿಗೊಮ್ಮೆ ಒಂದು ಸುತ್ತು ಮುಗಿಸುತ್ತದೆ. ಇದರಿಂದಾಗಿ ಸೂರ್ಯ ಒಂದು ನಕ್ಷತ್ರವನ್ನು ಸೇರುವ ದಿನ ಋತುಗಳಿಗೆ ಹೋಲಿಸಿದರೆ ಸುಮಾರು 72 ವರ್ಷಗಳಿಗೆ ಒಂದು ದಿನದಷ್ಟು ಮುಂದಕ್ಕೆ ಹೋಗುತ್ತದೆ. ಈಗ ಜೂನ್ 22ರ ಹೊತ್ತಿಗೆ ಹಿಡಿಯುವ ಆರಿದ್ರೆ, ಸಾವಿರ ವರ್ಷಗಳ ಹಿಂದೆ ಸುಮಾರು ಎರಡು ವಾರ ಮೊದಲೇ, ಅಂದರೆ ಕರಾವಳಿಗೆ ಮುಂಗಾರು ಕಾಲಿಡುವ ದಿನಗಳಲ್ಲೇ ಬರುತ್ತಿತ್ತು. ಹೆಚ್ಚು ಕಡಿಮೆ ಒಂದು ಇಡೀ ಮಳೆನಕ್ಷತ್ರದಷ್ಟು ವ್ಯತ್ಯಾಸ. "ಈಗಿನ ಮಳೆ ಲೆಕ್ಕಕ್ಕೆ ಸರಿಯಾಗಿ ಬರುವುದಿಲ್ಲ" ಎಂದು ವರ್ಷವೂ ಹೇಳುವ ಅಮ್ಮ ಇದನ್ನು ಬಹಳ ಗಮನವಿಟ್ಟು ಕೇಳಿದರು. ಮಳೆಯ ಇಂದಿನ ಏರುಪೇರಿಗೆ ಇದು ಕಾರಣವಲ್ಲ, ಇದು ತೀರ ನಿಧಾನದ ಬದಲಾವಣೆ ಎಂಬುದನ್ನೂ ಅವರು ಸ್ಪಷ್ಟಪಡಿಸಿದ್ದು ನನಗೆ ಮೆಚ್ಚುಗೆಯಾಯಿತು.

ಮಳೆ ನಿಲ್ಲುವವರೆಗೆ ಪಕ್ಕದ ಪ್ರಾದೇಶಿಕ ವಿಜ್ಞಾನ ಕೇಂದ್ರದಲ್ಲಿ ಸುತ್ತಾಡಿ, ಜಗಲಿಯೊಂದರಲ್ಲಿ ಕುಳಿತು ಪತ್ರೊಡೆ ತಿಂದೆವು. ನಿಸರ್ಗಧಾಮದಲ್ಲೇ ಇರುವ ಗುತ್ತಿನ ಮನೆಯನ್ನು, ಅಂದರೆ ತುಳುನಾಡಿನ ಹಳೆಯ ದೊಡ್ಡ ಮನೆತನಗಳ ಮನೆಯ ಮಾದರಿಯನ್ನು, ನೋಡಲು ಮಕ್ಕಳಿಗೆ ಆಸೆಯಿತ್ತು. ಅದರ ಮರದ ಕಂಬಗಳು, ಚಾವಡಿ, ನಡು ಅಂಗಳಗಳನ್ನು ಕಂಡು ಅಮ್ಮ ತಮ್ಮ ತವರುಮನೆಯ ನೆನಪುಗಳನ್ನು ಹೇಳುತ್ತಾ ಅಲ್ಲೇ ಒಂದು ಗಂಟೆ ಕಳೆದರು. ಆ ಅಂಗಳದ ಚೌಕದಲ್ಲಿ ಕಂಡ ಬೂದು ಮೋಡವನ್ನು ಮಗಳು ತಲೆಯೆತ್ತಿ ನೋಡುತ್ತಾ, "ಇದರ ಹಿಂದೆಯೇ ಪುಷ್ಯ ಇದೆ ಅಲ್ವಾ ಅಜ್ಜೀ" ಎಂದಳು.

ಮನೆ ಸೇರಿದಾಗ ರಾತ್ರಿ ಎಂಟಾಗಿತ್ತು. ಚಾಚಿದ ಕೈಯ ಒಂದು ಮುಷ್ಟಿ ಆಕಾಶದಲ್ಲಿ ಸುಮಾರು 10 ಡಿಗ್ರಿ ಎಂದು ಕಲಿತು ಬಂದಿದ್ದ ಮಗಳು ಅಂಗಳದಲ್ಲಿ ಉತ್ತರಕ್ಕೆ ಮುಖ ಮಾಡಿ, ಒಂದು ಮುಷ್ಟಿ ಮತ್ತು ಎರಡು ಬೆರಳು ಎಣಿಸಿ, ಧ್ರುವ ಕೊಟ್ಟಿಗೆಯ ಮಾಡಿನ ಮೇಲೆ, ಎರಡನೆಯ ತೆಂಗಿನ ಮರದ ಪಕ್ಕದಲ್ಲಿರಬೇಕು ಎಂದು ನಿರ್ಧರಿಸಿದಳು. ಅಲ್ಲಿ ಮೋಡವಲ್ಲದೆ ಬೇರೇನೂ ಇರಲಿಲ್ಲ.

ಊಟದ ನಂತರ ನಾನು ಕಪಾಟಿನಿಂದ ನನ್ನ ಕಾಲೇಜು ದಿನಗಳ ರಟ್ಟಿನ ನಕ್ಷತ್ರ ಚಕ್ರವನ್ನು ಹುಡುಕಿ ತೆಗೆದೆ. ದಿನ ಮತ್ತು ಗಂಟೆಯನ್ನು ಹೊಂದಿಸಿ ತಿರುಗಿಸಿದರೆ ಆ ಹೊತ್ತಿನ ಆಕಾಶವನ್ನು ತೋರಿಸುವ ಚಕ್ರವದು. ಆರಿದ್ರೆಯನ್ನು ಯಾವಾಗ ನೋಡಬಹುದು ಎಂದು ಅಮ್ಮ ಕೇಳಿದರು. ಮಗಳು ಚಕ್ರವನ್ನು ತಿರುಗಿಸುತ್ತಾ, "ನೀವು ಬೆಳಗ್ಗೆ ಬೇಗ ಏಳುವುದು ಯಾವ ತಿಂಗಳು?" ಎಂದು ಕೇಳಿದಾಗ ಅವರು ಧನುರ್ಮಾಸ ಎಂದರು, ಆ ತಿಂಗಳಿಡೀ ಅವರು ನಸುಕಿನ ಪೂಜೆಗೆ ದೇವಸ್ಥಾನಕ್ಕೆ ನಡೆದು ಹೋಗುವುದು ನಮಗೆಲ್ಲ ಗೊತ್ತಿರುವುದೇ. ಡಿಸೆಂಬರ್ ಕೊನೆಯ ವಾರ, ನಸುಕಿನ ನಾಲ್ಕೂವರೆ ಎಂದು ಹೊಂದಿಸಿದಾಗ ಪಶ್ಚಿಮದಲ್ಲಿ ಮುಳುಗಲು ಇಳಿಯುತ್ತಿರುವ ಆರಿದ್ರೆಯೂ, ಪೂರ್ವದಲ್ಲಿ ಮೇಲೇರುತ್ತಿರುವ ಸ್ವಾತಿಯೂ ಚಕ್ರದ ಕಿಂಡಿಯಲ್ಲಿ ಒಟ್ಟಿಗೆ ಕಾಣಿಸಿದವು. ನಮ್ಮ ಮನೆಯಿಂದ ದೇವಸ್ಥಾನ ಇರುವುದು ಪೂರ್ವಕ್ಕೆ.

ಅಮ್ಮ ಕನ್ನಡಕ ಹಾಕಿಕೊಂಡು ಚಕ್ರವನ್ನು ದೀಪದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. "ಐವತ್ತು ವರ್ಷ ಅದರ ಎದುರಿಗೇ ನಡೆದಿದ್ದೇನೆ" ಎಂದು ಮೆಲ್ಲಗೆ ಹೇಳಿ, ಮೊಮ್ಮಗಳ ಕಡೆ ತಿರುಗಿ, "ಈ ಸಲ ನಿನ್ನನ್ನೂ ನಾಲ್ಕು ಗಂಟೆಗೆ ಎಬ್ಬಿಸುತ್ತೇನೆ, ಆಮೇಲೆ ಚಳಿ ಎನ್ನಬಾರದು" ಎಂದರು.