ಗಂಜಿ ಹಾಕಿದ ಚಡ್ಡಿ, ಗಾಂಧಿ ಟೋಪಿ

ಮೊನ್ನೆ ಜಾತ್ರೆಯ ರಾತ್ರಿ ನಾನು ಪೊಲೀಸ್ ಆಗಿದ್ದೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮೂರು, ನಾವು ಗೆಳೆಯರೇ ಸೇರಿ ಆಡಿದ ನಾಟಕ. ಕಾಲ 1942. ಎರಡನೇ ಮಹಾಯುದ್ಧ ನಡೆಯುತ್ತಿದೆ, ಒಂದು ಹಳ್ಳಿ ಸರ್ಕಾರಕ್ಕೆ ತಿರುಗಿ ಬಿದ್ದಿದೆ, ಹಿಡಿಯಲು ಬಂದ ಮೂವರು ಪೇದೆಗಳಿಗೆ ಒಂದು ಕೆಲಸವೂ ನೆಟ್ಟಗೆ ಬರುವುದಿಲ್ಲ. ಮೂವರಲ್ಲಿ ಜಾಸ್ತಿ ದಡ್ಡ ನಾನು. ಪಾತ್ರ ಹಂಚುವಾಗ ಯಾರೂ ಹೆಚ್ಚು ಯೋಚನೆ ಮಾಡಲಿಲ್ಲ, ಅದೇ ಬೇಜಾರು.

ಖಾಕಿ ಚಡ್ಡಿಗೆ ಎಷ್ಟು ಗಂಜಿ ಹಾಕಿದ್ದರೆಂದರೆ ನಾನು ಕೂತರೂ ಅದು ನಿಂತೇ ಇರುತ್ತಿತ್ತು. ಕಾಲಿಗೆ ಸುತ್ತಿದ ಪಟ್ಟಿ ನಡುವೆ ಬಿಚ್ಚಿಕೊಂಡು ನಾನು ಮುಗ್ಗರಿಸಿ ಬೈಹುಲ್ಲಿನ ಮೇಲೆ ಬಿದ್ದೆ, ಒಳಗೆ ಅಡಗಿದ್ದ ಚಳವಳಿಗಾರ "ಅಯ್ಯಮ್ಮಾ" ಅಂದ. ಇದು ನಾಟಕದಲ್ಲಿ ಇರಲಿಲ್ಲ. ಜನರಿಗೆ ಇಷ್ಟವಾದದ್ದು ಇದೇ.

ಟೋಪಿಯ ದೃಶ್ಯ ಮಾತ್ರ ನಿಜದ್ದು, ಶಿಕಾರಿಪುರ ತಾಲೂಕಿನ ಈಸೂರಿನದ್ದು. 1942ರಲ್ಲಿ ಆ ಊರಿನವರು ತಮ್ಮದೇ ಸರ್ಕಾರ ಅಂತ ಸಾರಿ, ಸಣ್ಣ ಹುಡುಗರನ್ನು ಅಮಲ್ದಾರ (ಅಂದರೆ ತಾಲೂಕಿನ ಅಧಿಕಾರಿ), ಸಬ್ ಇನ್‌ಸ್ಪೆಕ್ಟರ್ ಮಾಡಿಬಿಟ್ಟರು. ನಿಜವಾದ ಅಧಿಕಾರಿಗಳು ಬಂದಾಗ ಗಾಂಧಿ ಟೋಪಿ ಹಾಕಿಕೊಳ್ಳಿ ಅಂತ ಪಟ್ಟು ಹಿಡಿದರು. ಯಾರಾದರೂ ಸುಮ್ನೆ ಕಟ್ಟಿದ ಕತೆಯಾಗಿದ್ದರೆ "ಸ್ವಲ್ಪ ಜಾಸ್ತಿ ಆಯ್ತು" ಅಂತಿದ್ದೆವು, ಅಲ್ವಾ?

ಇದನ್ನು ಕೇಳಿದ ಗೆಳೆಯನೊಬ್ಬ ತಾಲೀಮಿನಲ್ಲಿ ಹೇಳಿದ, ಅಷ್ಟು ದೂರ ಯಾಕೆ, ನಮ್ಮ ಜಿಲ್ಲೆಯದ್ದೇ ಕಯ್ಯೂರು ಇದೆಯಲ್ಲ ಅಂತ. 1941ರ ಮಾರ್ಚಿನಲ್ಲಿ ಅಲ್ಲಿನ ರೈತರ ಮೆರವಣಿಗೆಗೆ ಒಬ್ಬ ಪೇದೆ ಎದುರಾದ. ಅದಕ್ಕೆ ಮೊದಲು ಜನರಿಗೆ ಹೊಡೆದವರಲ್ಲಿ ಅವನೂ ಒಬ್ಬ. ಅವನ ಕೈಗೇ ಕೆಂಬಾವುಟ ಕೊಟ್ಟು ಮುಂದೆ ನಡೆಸಿದರು. ಕಣ್ಣೆದುರು ತಂದುಕೊಳ್ಳಿ, ನಗು ಬರದೆ ಇರುತ್ತದಾ? ಆದರೆ ಅವನು ತಪ್ಪಿಸಿಕೊಳ್ಳಲು ಹೊಳೆಗೆ ಹಾರಿ ಸತ್ತ. 1943ರ ಮಾರ್ಚ್ 29ಕ್ಕೆ ಕಣ್ಣೂರು ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದರು.

"ಬಾವುಟದವರೆಗೆ ಮಾತ್ರ ಆಡುವ" ಅಂದ ಅವನು. ನಾನು ಒಪ್ಪಲಿಲ್ಲ. ಉಳಿದದ್ದು ಇಲ್ಲಿನ ಜನರಿಗೆ ಗೊತ್ತು, ಬಾವುಟ ಕಂಡ ಕೂಡಲೇ ಅವರಿಗೆ ಹೊಳೆ ಕಾಣುತ್ತದೆ. ಹೀಗೆ ಹೇಳಿ ಗೆದ್ದೆನೇನೋ ಸರಿ, ಆದರೆ ಈಸೂರಿನ ಟೋಪಿಗೆ ನಗುವುದು ಮಾತ್ರ ಹೇಗೆ ಸರಿ ಅಂತ ಅವನು ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅದು ಮೈಸೂರು ಸೀಮೆ, ಆಗ ನಾವು ಮದ್ರಾಸ್ ಪ್ರಾಂತ್ಯದವರು, ದೂರದ ಮಾತು ಅಂತ ಏನೋ ಹಾರಿಸಿದೆ.

ನಾಟಕ ಮುಗಿದು ಕೊಬ್ಬರಿ ಎಣ್ಣೆಯಲ್ಲಿ ಬಣ್ಣ ಒರೆಸುತ್ತಿದ್ದೆ. ಒಬ್ಬ ಅಜ್ಜ ಒಳಗೆ ಬಂದರು, ಇನ್ನೂ ನಗುತ್ತಲೇ ಇದ್ದರು. "ಆ ಟೋಪಿ ಊರಿನಲ್ಲಿ ಆಮೇಲೆ ಎಂತ ಆಯ್ತು ಮಾರಾಯ?"

ಹೇಳಿದೆ. ಆ ಟೋಪಿ ಜಗಳದಲ್ಲೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಇಬ್ಬರೂ ಸತ್ತರು, ಮರುವರ್ಷ ಊರಿನ ಐವರಿಗೆ ಗಲ್ಲಾಯಿತು.

ಅಜ್ಜ ಸ್ವಲ್ಪ ಹೊತ್ತು ನನ್ನ ಚಡ್ಡಿಯನ್ನೇ ನೋಡಿದರು. ಆಮೇಲೆ ಟಾರ್ಚ್ ಹಾಕಿಕೊಂಡು ಗದ್ದೆ ಬದುವಿನಲ್ಲಿ ಹೋದರು.