ಆಗುಂಬೆಯಿಂದ ತಂದ ಹೂವು

ಬಾಟನಿ ಮೇಷ್ಟ್ರು ತೀರಿಕೊಂಡರೆಂಬ ಸುದ್ದಿ ನಮ್ಮ 1989ರ ಬಿ.ಎಸ್ಸಿ. ತಂಡದ ವಾಟ್ಸ್‌ಆ್ಯಪ್ ಗುಂಪಿಗೆ ಬಂದಾಗ ನಾನು ಸೊಪ್ಪು ಬಿಡಿಸುತ್ತಾ ಕುಳಿತಿದ್ದೆ. ಕೈಯಲ್ಲಿದ್ದ ದಂಟಿನೆಲೆಯನ್ನು ಮಗುಚಿ ಅದರ ನರ ನೋಡಿದೆ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವನಿಗೆ ಈ ಚಾಳಿ ಇನ್ನೂ ಬಿಟ್ಟಿಲ್ಲ.

ಕಾಲೇಜಿನಲ್ಲಿ ಓದಿದ್ದೇನೂ ನೆನಪಿಲ್ಲ. ಕ್ರೆಬ್ಸ್ ಚಕ್ರ ಎಂಬ ಹೆಸರು ಉಳಿದಿದೆ, ಅದು ಎತ್ತ ತಿರುಗುತ್ತದೆಂಬುದು ಹೋಗಿದೆ. ಪ್ರಾಕ್ಟಿಕಲ್ ಮಾತ್ರ ಕಣ್ಣಿಗೆ ಕಟ್ಟಿದಂತಿದೆ. ಹೂವನ್ನು ಎದುರಿಗಿಟ್ಟ ಮೇಲೆ ಹತ್ತು ನಿಮಿಷ ಯಾರೂ ಪೆನ್ಸಿಲ್ ಮುಟ್ಟುವಂತಿರಲಿಲ್ಲ, ಬರೀ ಎಣಿಸಬೇಕು. ಒಮ್ಮೆ ಗೌರಿ ಹಬ್ಬದ ವಾರ ಬೇಲಿಯಿಂದ ಗೌರಿ ಹೂ ತಂದಿದ್ದರು. ಆರು ದಳ, ಆರು ಕೇಸರ ಎಲ್ಲ ಸರಿಯಾಗಿ ಬರೆದು, ಹೂವಿನ ನಡುವೆ ಕಡ್ಡಿಯಂತಿರುವ ಶಲಾಕಾ ನಳಿಕೆಯನ್ನು ನೆಟ್ಟಗೆ ಎಳೆದಿದ್ದೆ. ಮೇಷ್ಟ್ರು ಮಾತಾಡದೆ ರಬ್ಬರ್ ಮುಂದಿಟ್ಟರು. ಮತ್ತೆ ನೋಡಿದೆ. ಅದು ಅಂಡಾಶಯ ಬಿಟ್ಟ ಕೂಡಲೇ ಮೊಣಕೈ ಮಡಿಸಿದ ಹಾಗೆ ಪಕ್ಕಕ್ಕೆ ಹೊರಳಿತ್ತು. ಹುಟ್ಟಿದಾರಭ್ಯ ಪ್ರತಿ ಹಬ್ಬಕ್ಕೂ ಆ ಹೂ ಕೊಯ್ದವನು ನಾನು! ಆ ಚಿತ್ರ ಆಮೇಲೆ ನಾಲ್ಕು ವರ್ಷ ಪ್ರಯೋಗಾಲಯದ ಗಾಜಿನ ಬೀರುವಿನಲ್ಲಿತ್ತು ಎಂಬುದನ್ನು ಇಲ್ಲಿ ಹೇಳದಿದ್ದರೆ ಬೇರೆ ಯಾರೂ ಹೇಳುವುದಿಲ್ಲ.

ಬರೆಯುತ್ತಿರುವಾಗ ಮೇಷ್ಟ್ರು ಕಥೆ ಹೇಳುತ್ತಿದ್ದರು. 1840ರ ದಶಕದಲ್ಲಿ ನಮ್ಮ ಶಿವಮೊಗ್ಗದಲ್ಲೇ ಇದ್ದ ವೈದ್ಯ ಹ್ಯೂ ಕ್ಲೆಗಾರ್ನ್, ಮರಾಠಿ ಚಿತ್ರಕಾರನೊಬ್ಬನಿಂದ ದಿನಕ್ಕೊಂದು ಗಿಡ ಬರೆಸುತ್ತಿದ್ದನಂತೆ. ಮದರಾಸಿನ ಕಡೆ ಸಸ್ಯವಿಜ್ಞಾನಿ ರಾಬರ್ಟ್ ವೈಟ್‌ಗೆ ರುಂಗಯ್ಯ, ಗೋವಿಂದು ಎಂಬ ಇಬ್ಬರು ಬರೆದುಕೊಟ್ಟರು. ಅವನ ಆರು ಸಂಪುಟಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳಿವೆ. ಗೋವಿಂದುವಿನ ಮೇಲಿನ ಮೆಚ್ಚುಗೆಗೆ ವೈಟ್ ಒಂದು ಆರ್ಕಿಡ್ ಕುಲಕ್ಕೆ ಗೋವಿಂದೂಯಿಯಾ ಎಂದೇ ಹೆಸರಿಟ್ಟ. “ನಿಮ್ಮ ಹೆಸರೂ ಒಂದು ಹೂವಿಗೆ ಬರಲಿ” ಎನ್ನುತ್ತಿದ್ದರು ಮೇಷ್ಟ್ರು. ನಾವು ಅದನ್ನು ತೀರಾ ಮನಸ್ಸಿಗೆ ಹಚ್ಚಿಕೊಂಡೆವು.

ಎರಡನೇ ವರ್ಷ ಮೂವರು ಸೇರಿ ಹಾಸ್ಟೆಲಿನಲ್ಲಿ ಹೊಸ ಹೂವೊಂದನ್ನು ಸೃಷ್ಟಿಸಿದೆವು. ದಾಸವಾಳದ ಐದು ದಳ, ನಡುವೆ ಗೌರಿ ಹೂವಿನ ಆರು ಕೇಸರ, ಬುಡಕ್ಕೆ ದತ್ತೂರದ ಹಸಿರು ಕೊಳವೆ. “ಆಗುಂಬೆಯಿಂದ ತಂದದ್ದು ಸಾರ್, ಹೆಸರು ಗೊತ್ತಾಗಲಿಲ್ಲ” ಎಂದು ಮೇಜಿನ ಮೇಲಿಟ್ಟೆ. ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಹತ್ತು ನಿಮಿಷ ಎಣಿಸಿದರು. ಆಮೇಲೆ ಡ್ರಾಯಿಂಗ್ ಹಾಳೆ ತೆಗೆದು ಮುಕ್ಕಾಲು ಗಂಟೆ ಬರೆದರು. ನಗಲಿಲ್ಲ, ಗದರಲಿಲ್ಲ. ಬೆಲ್ ಹೊಡೆದಾಗ ಹಾಳೆಯನ್ನು ಚೀಲಕ್ಕೆ ಹಾಕಿಕೊಂಡು ಸೈಕಲ್ ಹತ್ತಿ ಹೊರಟುಹೋದರು. ಅದಕ್ಕಿಂತ ಎರಡೇಟು ಕೊಟ್ಟಿದ್ದರೆ ನಮಗೆ ಆ ರಾತ್ರಿ ನಿದ್ದೆ ಬರುತ್ತಿತ್ತು.

ಮೊನ್ನೆ ನನ್ನ ತಂಗಿಯ ಮಗಳ ರೆಕಾರ್ಡ್ ಪುಸ್ತಕ ನೋಡಿದೆ. ಮೊಬೈಲಿನ ಚಿತ್ರದ ಮೇಲೆ ಹಾಳೆಯಿಟ್ಟು ಎಳೆದ ಗೆರೆಗಳು. ಹೂವನ್ನು ಯಾರೂ ಮುಟ್ಟಿಲ್ಲ. “ಫೋಟೋ ಇದ್ದಮೇಲೆ ಬರೆಯುವುದೇಕೆ ಮಾವ?” ಎಂದಳು. ಮೊಗ್ಗು, ಹೂವು, ಕಾಯಿ, ಕತ್ತರಿಸಿದ ಅಂಡಾಶಯ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಯಾವ ಫೋಟೋ ತೋರಿಸುತ್ತದೆ ಎಂದು ಕೇಳಿದೆ. ಆಗಲೇ ಅವಳ ಫೋನ್ ಬಡಿದುಕೊಂಡಿತು.

ವೈಕುಂಠ ಸಮಾರಾಧನೆಯ ದಿನ ಮೇಷ್ಟ್ರ ಮಗಳು ಒಂದು ಹಳೆಯ ಫೈಲ್ ತಂದು ನನ್ನ ಕೈಗೆ ಕೊಟ್ಟರು. ಒಳಗೆ ಆ ಹಾಳೆ. ದಳ, ಕೇಸರ, ಕೊಳವೆ ಎಲ್ಲಕ್ಕೂ ಸ್ಕೇಲಿಟ್ಟು ಗೆರೆ ಎಳೆದು ಹೆಸರು ಬರೆದಿದ್ದರು. ಕೇಸರದ ಬುಡದಲ್ಲಿ ಉಬ್ಬಿದ್ದ ಹನಿಯನ್ನೂ ಬಿಟ್ಟಿರಲಿಲ್ಲ: “ಗೋಂದು, ಹೇರಳ.” ಕೆಳಗೆ ಸಸ್ಯದ ಹೆಸರಿನ ಜಾಗದಲ್ಲಿ ನನ್ನ ಹೆಸರಿಗೆ ಇಯಾ ಎಂಬ ಬಾಲ. ನೆಲೆ: ಬಾಯ್ಸ್ ಹಾಸ್ಟೆಲ್, ಕೊಠಡಿ 14.