ಅದು ಆಕ್ಸೊಲೊಟ್ಲಾ, ಟೈಗರ್ ಸಲಮಾಂಡರಾ?

ಅಮೆರಿಕದಲ್ಲಿರುವ ಕನ್ನಡದ ಗೆಳೆಯರು ಫೋಟೊ ಕಳಿಸಿ ಕೇಳುವುದು ಒಂದೇ ಪ್ರಶ್ನೆ: "ಮಗಳು ಹಟ ಮಾಡಿದ್ಲು ಅಂತ ಆಕ್ಸೊಲೊಟ್ಲ್ ಮರಿ ತಂದ್ವಿ. ಇದು ನಿಜವಾಗ್ಲೂ ಅದೇನಾ?" ಆಕ್ಸೊಲೊಟ್ಲ್ ಅಂದರೆ ಮೆಕ್ಸಿಕೊ ಮೂಲದ, ನೀರಲ್ಲೇ ಬದುಕುವ ಒಂದು ಸಲಮಾಂಡರ್; ಸಲಮಾಂಡರ್ ಅಂದರೆ ಹಲ್ಲಿಯಂತೆ ಕಾಣುವ, ಕಪ್ಪೆಯ ಬಳಗದ ಉಭಯಚರ. 2021ರಲ್ಲಿ ಮೈನ್‌ಕ್ರಾಫ್ಟ್ ವಿಡಿಯೊ ಆಟದೊಳಗೆ ಈ ಪ್ರಾಣಿ ಬಂದ ಮೇಲೆ ಮಕ್ಕಳನ್ನು ಹಿಡಿಯೋರಿಲ್ಲ.

ಬಿಳಿ ಮೈ, ಗುಲಾಬಿ ಕಿವಿರು ಇದ್ದರೆ ಹೆಚ್ಚುಕಮ್ಮಿ ಆಕ್ಸೊಲೊಟ್ಲೇ. ತಲೆನೋವು ಕಂದು ಬಣ್ಣದ ಮರಿಗಳದ್ದು. ಅಲ್ಲಿ ಗಾಳಕ್ಕೆ ಸಿಕ್ಕಿಸಲು 'ವಾಟರ್ ಡಾಗ್' ಅಂತ ಮಾರುವುದು ಟೈಗರ್ ಸಲಮಾಂಡರ್ ಮರಿಗಳನ್ನು, ಅಂದರೆ ಬೆಳೆದ ಮೇಲೆ ನೆಲಕ್ಕೆ ಬರುವ, ಆಕ್ಸೊಲೊಟ್ಲಿನ ಹತ್ತಿರದ ನೆಂಟನ ಮರಿಗಳನ್ನು. ಅವಕ್ಕೂ ತಲೆಯ ಎರಡೂ ಕಡೆ ಮೂರು ಮೂರು ಗರಿಯಂಥ ಕಿವಿರು. ಬೆರಳು ನೋಡಿ. ಟೈಗರ್ ಮರಿಯ ಬೆರಳು ಬುಡದಲ್ಲಿ ಅಗಲ, ಚಪ್ಪಟೆ, ತುದಿ ಚೂಪು. ಆಕ್ಸೊಲೊಟ್ಲ್ ಬೆರಳು ಸಪೂರ. ಮಸುಕು ಫೋಟೊದಲ್ಲಿ ಇದು ನನಗೂ ಕಾಣಲ್ಲ, ಹತ್ತಿರದಿಂದ ತೆಗೆದು ಕಳಿಸಿ. ಕೆರೆಯಿಂದ ಹಿಡಿದು ತಂದದ್ದಾದರೆ ಕಾಲು ಮೂಡುವುದನ್ನು ಗಮನಿಸಿ: ಹಿಂಗಾಲು ಮೊದಲು ಬಂದರೆ ಅದು ಕಪ್ಪೆ ಮರಿ, ಸಲಮಾಂಡರೇ ಅಲ್ಲ.

ಆಕ್ಸೊಲೊಟ್ಲ್, ಟೈಗರ್ ಎರಡರಲ್ಲಿ ಯಾವುದೇ ಆದರೂ ಸದ್ಯಕ್ಕೆ ಆರೈಕೆ ಒಂದೇ. ನೀರು ತಣ್ಣಗಿರಬೇಕು, 16ರಿಂದ 18 ಡಿಗ್ರಿ ಸೆಲ್ಸಿಯಸ್. 24 ದಾಟಿದರೆ ಸೊರಗುತ್ತವೆ. ಅಂಗಡಿಯವನು ಹೀಟರ್ ಕೊಟ್ಟರೆ ಬೇಡ ಅನ್ನಿ. ನಲ್ಲಿ ನೀರಿನ ಕ್ಲೋರಿನ್ ತೆಗೆಯದೆ ಹಾಕಬೇಡಿ. ಚಂದ ಕಾಣಲಿ ಅಂತ ತಳಕ್ಕೆ ಸಣ್ಣ ಕಲ್ಲು ಸುರಿಯುವವರಿದ್ದಾರೆ. ಇವು ಬಾಯಿ ತೆರೆದು ನೀರಿನ ಸಮೇತ ಆಹಾರ ಎಳೆದುಕೊಳ್ಳುತ್ತವೆ, ಕಲ್ಲೂ ಒಳಗೆ ಹೋಗಿ ಹೊಟ್ಟೆ ಕಟ್ಟುತ್ತದೆ. ತಳ ಸುಮ್ನೆ ಖಾಲಿ ಬಿಡಿ.

ತೀರಾ ಚಿಕ್ಕ ಮರಿ ಅಲುಗಾಡುವುದನ್ನೇ ತಿನ್ನೋದು. ಆಗತಾನೆ ಮೊಟ್ಟೆಯೊಡೆದ ಬ್ರೈನ್ ಶ್ರಿಂಪ್ (ಉಪ್ಪುನೀರಿನ ಪುಟಾಣಿ ಸಿಗಡಿಯಂಥ ಜೀವಿ) ಕೊಡಿ, ಬೆಳೆದಂತೆ ಎರೆಹುಳು ಕತ್ತರಿಸಿ ಹಾಕಿ. ಹಸಿದ ಮರಿಗಳನ್ನು ಒಟ್ಟಿಗೆ ಬಿಟ್ಟರೆ ಪಕ್ಕದವನ ಕಾಲೇ ಊಟ! ಕಾಲು ಮತ್ತೆ ಬೆಳೆಯುತ್ತೆ ನಿಜ, ಹಾಗಂತ ಬಿಡೋಕಾಗುತ್ತಾ? ಬೇರೆ ಬೇರೆ ಡಬ್ಬಿಯಲ್ಲಿಡಿ.

ಕೊನೆಗೆ ತಿಂಗಳುಗಳೇ ಉತ್ತರ ಹೇಳುತ್ತವೆ. ಆಕ್ಸೊಲೊಟ್ಲ್ ಸಾಮಾನ್ಯವಾಗಿ ಜೀವನವಿಡೀ ಕಿವಿರು ಇಟ್ಟುಕೊಂಡು ನೀರಲ್ಲೇ ಇರುತ್ತದೆ. ಕಿವಿರು ಮುದುಡಿ, ಬಾಲದ ರೆಕ್ಕೆ ಕರಗಿ, ಕಣ್ಣಿಗೆ ರೆಪ್ಪೆ ಬರತೊಡಗಿದರೆ ನಿಮ್ಮದು ಟೈಗರ್ ಅನ್ನುವುದು ಹತ್ತಿರಹತ್ತಿರ ಖಚಿತ. ನೀರು ಇಳಿಸಿ, ಹತ್ತಿ ಕೂರಲು ಜಾಗ ಮಾಡಿ. ಇಲ್ಲದಿದ್ದರೆ ಮುಳುಗಿ ಸಾಯುತ್ತದೆ. ಆಮೇಲೆ ಅದಕ್ಕೆ ಬೇಕಾದ್ದು ಒದ್ದೆ ಮಣ್ಣು, ಮುಚ್ಚಳ ಭದ್ರವಾಗಿರುವ ಪೆಟ್ಟಿಗೆ.

ಅಂದಹಾಗೆ, ಕ್ಯಾಲಿಫೋರ್ನಿಯಾದವರು ಮರಿ ಕೊಳ್ಳುವ ಮೊದಲೇ ಕೇಳಿ. ಅಲ್ಲಿ ಆಕ್ಸೊಲೊಟ್ಲ್ ಸಾಕುವುದೇ ಕಾನೂನುಬಾಹಿರ.